ಬೆರಳಿಟ್ಟರೆ ಹೂಂ ಅನ್ನುತ್ತಿದ್ದ ಮೇಷ್ಟ್ರು

ಅವರು ನನ್ನ ಮುಖ ನೋಡಿ ಮಾತಾಡಿದ್ದು ಕಡಿಮೆ. ಮಳವಳ್ಳಿಯಲ್ಲಿ ಮದ್ದೂರು ರಸ್ತೆಗೆ ತೆರೆದುಕೊಂಡಿರುವ ನನ್ನ ಕಬ್ಬಿಣದ ಅಂಗಡಿಗೆ ಬಂದು, ಮೂಲೆಯ ಸ್ಟೂಲನ್ನು ಕಾಲಲ್ಲೇ ಎಳೆದುಕೊಂಡು ಕೂತರೆ, ಮಾತು ಎಲ್ಲಿಗೆ ಹೋದರೂ ಕಣ್ಣು ಮಾತ್ರ ನನ್ನ ಕೈ ಮೇಲೆ. ನಾನು ಸಲಾಕೆ ಬಗ್ಗಿಸುವುದನ್ನು, ಸುತ್ತಿಗೆ ಎತ್ತುವುದನ್ನು ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ನೋಡಲಿ. ಈ ತಾಲ್ಲೂಕಿನಲ್ಲಿ ನನ್ನಷ್ಟು ಚೆನ್ನಾಗಿ ಕಬ್ಬಿಣ ಬಗ್ಗಿಸುವವನು ಇನ್ನೊಬ್ಬನಿದ್ದರೆ ಅವನನ್ನು ಕರೆದು ನಾನೇ ಟೀ ಕುಡಿಸುತ್ತೇನೆ.

ಅವರು ಹೈಸ್ಕೂಲಿನ ಡ್ರಾಯಿಂಗ್ ಮೇಷ್ಟ್ರು. ನನಗೆ ಪಾಠ ಹೇಳಿದವರಲ್ಲ. ಬೆಳಕವಾಡಿಯ ನಮ್ಮ ಮನೆಯವರು ಬೇಸಾಯದವರು. ನನಗೆ ಮಾತ್ರ ಗದ್ದೆಯ ಕೆಸರಿಗಿಂತ ಕುಲುಮೆಯ ಬೆಂಕಿ ಹಿಡಿಸಿತು. ಏಳನೆಯ ಕ್ಲಾಸಿನಲ್ಲಿ ಸ್ಕೂಲು ಬಿಟ್ಟು ಆಲೆಮನೆಗಳ ಕೊಪ್ಪರಿಗೆ ರಿಪೇರಿ ಮಾಡುವವರ ಜೊತೆ ಸೇರಿಕೊಂಡೆ. ಕಬ್ಬಿನ ಹಾಲು ಕಾಯಿಸುವ ಆ ದೊಡ್ಡ ಬಾಣಲೆಗಳ ಅಂಚು ಬಡಿದು ಬಡಿದು ಕೈ ಗಟ್ಟಿಯಾಯಿತು. ಒಂದು ಕೊಪ್ಪರಿಗೆ ಜಾರಿ ಎಡಗೈಯ ಕಿರುಬೆರಳಿನ ಮೇಲೆ ಕೂತು ಅದು ಹೊರಕ್ಕೆ ಸೊಟ್ಟಗಾಯಿತು. ಇವತ್ತಿಗೂ ಮುಷ್ಟಿ ಹಿಡಿದರೆ ಆ ಬೆರಳೊಂದು ಗುಂಪಿಗೆ ಸೇರದೆ ಮುನಿಸಿಕೊಂಡವರ ಹಾಗೆ ಆಚೆ ನಿಂತಿರುತ್ತದೆ. ಅದರ ಬುಡದಲ್ಲಿ ಕಿಡಿ ಹಾರಿ ಸುಟ್ಟ ಒಂದು ದುಂಡನೆಯ ಕಲೆ. ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆ ಅನ್ನುವುದು ಮುಂದೆ ಗೊತ್ತಾಗುತ್ತದೆ.

ಹೋದ ಮಾಗಿಯ ಚಳಿಯಲ್ಲಿ ಮೇಷ್ಟ್ರು ತೀರಿಕೊಂಡರು. ಅವರ ಶಿಷ್ಯರು ಸೇರಿ ನೆನಪಿನ ಪುಸ್ತಕವೊಂದನ್ನು ತರುತ್ತಿದ್ದಾರೆ. ‘ನೀವೂ ಬರೀರಿ ನಿಂಗೇಗೌಡ್ರೇ, ನಿಮ್ಮಷ್ಟು ಹತ್ತಿರದಿಂದ ನೋಡಿದವರಿಲ್ಲ’ ಅಂದರು. ಹುಟ್ಟಿದ ಊರು, ಓದಿದ ಓದು, ಸಿಕ್ಕ ಶಾಲು, ಹಾರಗಳನ್ನು ಅವರು ಬರೆದುಕೊಳ್ಳಲಿ. ನಾನು ಬರೆಯುವುದು ಒಂದು ಹೆಸರನ್ನು ಹುಡುಕಿದ ಕಥೆ.

ಮಂಡ್ಯದ ಒಬ್ಬ ಪ್ರಕಾಶಕರು ಹಳೆಯ ಕಾವ್ಯಗಳನ್ನೆಲ್ಲ ಮಕ್ಕಳು ಓದುವಂಥ ಕನ್ನಡಕ್ಕೆ ತಂದು, ದೊಡ್ಡ ಅಕ್ಷರದಲ್ಲಿ, ಅಧ್ಯಾಯಕ್ಕೊಂದು ಚಿತ್ರ ಹಾಕಿ ಅಚ್ಚು ಮಾಡುತ್ತಿದ್ದರು. ಚಿತ್ರಗಳೆಲ್ಲ ಮೇಷ್ಟ್ರವು. ನಿಬ್ಬಿನ ಪೆನ್ನು, ಕಪ್ಪು ಇಂಕು, ಅಷ್ಟೇ. ಅವರ ಚಿತ್ರ ಮೇಲ್ನೋಟಕ್ಕೆ ಒಂದು, ಒಳಗೆ ಇನ್ನೊಂದು. ಕಾಡಿನ ಚಿತ್ರವೆಂದು ನೋಡಿದರೆ ಆಲದ ಬೇರುಗಳ ನಡುವೆ ಹುಲಿ ಮಲಗಿರುತ್ತಿತ್ತು. ರಾಜಸಭೆಯ ಚಿತ್ರವನ್ನು ತಲೆಕೆಳಗು ಮಾಡಿ ಹಿಡಿದರೆ ಎರಡು ಕಂಬಗಳ ನಡುವಿನ ಖಾಲಿ ಜಾಗವೇ ಜಗಳವಾಡುವ ಎರಡು ಮುಖವಾಗುತ್ತಿತ್ತು. ಹೊಳೆಯ ಅಲೆಯಲ್ಲಿ ಮೀನು, ಮೋಡದಲ್ಲಿ ಆನೆ. ಇವೆಲ್ಲ ಮಕ್ಕಳಿಗೆ. ದೊಡ್ಡವರಿಗೆ ಇನ್ನೊಂದಿತ್ತು: ಪ್ರತಿ ಚಿತ್ರದಲ್ಲೂ ಎಲ್ಲೋ ಒಂದು ಕಡೆ ಒಬ್ಬರ ಹೆಸರು ಬಚ್ಚಿಟ್ಟಿರುತ್ತಿದ್ದರು.

ಯಾರ ಹೆಸರು ಅಂದರೆ, ಆ ಚಿತ್ರಕ್ಕೆ ಎದುರು ಕೂತವರ ಹೆಸರು. ಮೇಷ್ಟ್ರು ಮನಸ್ಸಿನಲ್ಲೇ ಕಲ್ಪಿಸಿಕೊಂಡು ಮುಖ ಬರೆದವರಲ್ಲ.

‘ರಾಜ ಹೆಂಗಿದ್ದ ಅಂತ ನಾನೇನು ಕಂಡಿದೀನಾ?’ ಅನ್ನುತ್ತಿದ್ದರು. ‘ನಮ್ಮ ತಮ್ಮಯ್ಯ ಹೆಂಗವ್ನೆ ಅನ್ನೋದು ಗೊತ್ತು. ಅವನಿಗೊಂದು ಕಿರೀಟ ಇಟ್ರೆ ಆಯ್ತು.’

ತಮ್ಮಯ್ಯ ನನ್ನ ಅಂಗಡಿಯ ಪಕ್ಕದ ಟೀ ಅಂಗಡಿಯವನು. ಅವನು ಕಿರೀಟಕ್ಕೆ ಒದಗಲಿಲ್ಲ, ಗಡ್ಡಕ್ಕೆ ಒದಗಿದ. ಯಾವುದೋ ಹರಕೆಗೆ ಬಿಟ್ಟ ಗಡ್ಡ ನೋಡಿ ಮೇಷ್ಟ್ರು ಅವನನ್ನು ಋಷಿ ಮಾಡಿದರು. ‘ಬಾಳ ದಿನದಿಂದ ನೀರು ಕಾಯಿಸ್ತಾ ಇವ್ನಿ ಮೇಷ್ಟ್ರೇ, ನಂಗೂ ಒಸಿ ತಪಸ್ಸು ಗೊತ್ತು’ ಅಂದ ತಮ್ಮಯ್ಯ, ಒಲೆಯ ಮುಂದೆಯೇ ಕಣ್ಣು ಮುಚ್ಚಿ ಕೂತ. ಹಾಲು ಉಕ್ಕಿ ಒಲೆ ಆರಿತು. ಋಷಿ ಎದ್ದು ಬೈದ ಬೈಗುಳ ಯಾವ ಕಾವ್ಯದಲ್ಲೂ ಇರಲಾರದು.

ರಾಣಿ ಬೇಕಾದಾಗ ಮೇಷ್ಟ್ರು ಸಂತೆಗೆ ಹೋದರು. ಈರುಳ್ಳಿ ಮಾರುವ ಸಾಕಮ್ಮನ ಎದುರು ನಿಂತು, ‘ಒಂದು ಗಳಿಗೆ ಈ ಕನ್ನಡಿ ನೋಡ್ತಾ ಕೂತ್ಕೊ ತಾಯಿ’ ಅಂದರು.

‘ನಾ ಕನ್ನಡಿ ನೋಡ್ತಾ ಕುಂತ್ರೆ ಈರುಳ್ಳಿ ಯಾರ್ ಮಾರ್ತರೆ? ನೀವಾ?’

‘ಇಗೋ, ಇವನು ಮಾರ್ತಾನೆ’ ಅಂತ ನನ್ನ ಕಡೆ ತಿರುಗಿದರು. ‘ನಿಂಗ, ಹಿಡಿಯಯ್ಯಾ ತಕ್ಕಡಿ.’

ಇಡೀ ಮಳವಳ್ಳಿಯಲ್ಲಿ ನನ್ನನ್ನು ಬರೀ ನಿಂಗ ಅನ್ನುತ್ತಿದ್ದವರು ಅವರೊಬ್ಬರೇ. ಬೇರೆಯವರು ಅಂದಿದ್ದರೆ ಸುಮ್ಮನಿರುವ ಆಸಾಮಿ ನಾನಲ್ಲ. ತಕ್ಕಡಿ ಹಿಡಿದೆ. ಸಾಕಮ್ಮ ಒಂದು ಕಣ್ಣು ಕನ್ನಡಿಯಲ್ಲಿ, ಒಂದು ಕಣ್ಣು ತಕ್ಕಡಿಯಲ್ಲಿ ಇಟ್ಟುಕೊಂಡು ಕೂತಳು. ‘ಲೇ ಗೌಡ, ಒಸಿ ಬಿಗಿಯಾಗಿ ತೂಗ್ಲಾ, ನಿಮ್ಮಪ್ಪನ ಮನೆ ಗಂಟಾ?’ ಅಂತ ಕನ್ನಡಿಯೊಳಗಿಂದಲೇ ಕೂಗುತ್ತಿದ್ದಳು. ಆ ಚಿತ್ರದಲ್ಲಿ ರಾಣಿಯ ಕಣ್ಣು ಅರೆಬರೆ ಓರೆಯಾಗಿರುವುದಕ್ಕೆ ಓದಿದವರು ವಿರಹ ಅಂತ ಅರ್ಥ ಮಾಡಿಕೊಂಡಿರಬಹುದು. ಅದು ಈರುಳ್ಳಿಯ ಚಿಂತೆ.

ಪುಸ್ತಕ ಅಚ್ಚಾಗಿ ಬಂದ ದಿನ ತಮ್ಮಯ್ಯನ ಅಂಗಡಿಯಲ್ಲಿ ಒಂದು ಪದ್ಧತಿ ನಡೆಯುತ್ತಿತ್ತು. ಚಿತ್ರಕ್ಕೆ ಕೂತವರಿಗೆಲ್ಲ ಮೇಷ್ಟ್ರು ಒಂದೊಂದು ಪುಸ್ತಕ ಕೊಡುವರು. ತನ್ನ ಹೆಸರನ್ನು ತಾನೇ ಹುಡುಕಬೇಕು. ಬೇರೆಯವರಿಗೆ ಕಂಡರೂ ಹೇಳುವ ಹಾಗಿಲ್ಲ. ಕಂಡಾಗ ಬಾಯಿ ಬಿಡದೆ ಅದರ ಮೇಲೆ ಬೆರಳಿಟ್ಟು ಮೇಷ್ಟ್ರ ಮುಖ ನೋಡಬೇಕು. ಸರಿಯಿದ್ದರೆ ಅವರು ಕನ್ನಡಕದ ಮೇಲಿಂದ ನೋಡಿ ‘ಹೂಂ’ ಅನ್ನುವರು. ತಪ್ಪಿದ್ದರೆ ಏನೂ ಅನ್ನದೆ ಟೀಯನ್ನು ಬಸಿಗೆ ಬಗ್ಗಿಸಿಕೊಂಡು ಕುಡಿಯುವರು. ಅವರು ಹೂಂ ಅನ್ನದ ಹೆಸರು ಹೆಸರೇ ಅಲ್ಲ.

ಸಾಕಮ್ಮನಿಗೆ ಅವಳ ಹೆಸರು ರಾಣಿಯ ಜಡೆಯ ಹೆಣಿಗೆಯಲ್ಲಿ ಸಿಕ್ಕಿತು. ಅವಳಿಗೆ ಓದು ಬರದು. ಓಟಿನ ಚೀಟಿಯಲ್ಲಿ ಕಂಡ ಅಕ್ಷರದ ಆಕಾರ ನೆನಪಿಟ್ಟುಕೊಂಡು, ಈರುಳ್ಳಿ ಸಿಪ್ಪೆ ಅಂಟಿದ ಬೆರಳು ಊರಿದಳು. ‘ಹೂಂ’ ಅಂದರು ಮೇಷ್ಟ್ರು. ಅವಳು ನಕ್ಕ ನಗುವಿಗೆ ತಮ್ಮಯ್ಯನ ಲೋಟಗಳು ಅಲುಗಾಡಿದವು. ತಮ್ಮಯ್ಯನ ಹೆಸರು ಗಡ್ಡದ ಸುರುಳಿಯಲ್ಲಿತ್ತು. ಅವನ ಅಂಗಡಿಯ ನಾಯಿ ಋಷಿಯ ಕಾಲ ಬಳಿ ಮಲಗಿತ್ತು; ಅದರ ಹೆಸರೂ ನೆರಳಿನಲ್ಲಿತ್ತು.

ಒಮ್ಮೆ ಕೇಳಿದೆ: ‘ಯಾಕ್ ಮೇಷ್ಟ್ರೇ ಈ ಕಳ್ಳಾಟ? ಕೆಳಗಡೆ ಒಂದು ಲೈನು ಬರ್ದುಬುಟ್ರೆ ಆಗಲ್ವಾ, ಇಂಥೋರು ಕುಂತಿದ್ರು ಅಂತ?’

‘ಕೆಳಗೆ ಬರೆದದ್ದನ್ನ ಯಾರಯ್ಯಾ ಓದ್ತಾರೆ?’ ಅಂದರು. ‘ಮಕ್ಕಳು ಕಥೆ ಹಿಂದೆ ಓಡ್ತಾ ಇರ್ತವೆ. ಚಿತ್ರ ಬಂದ್ರೆ ಹಾರ್ಕೊಂಡು ಓಯ್ತವೆ. ಏನೋ ಬಚ್ಚಿಟ್ಟವ್ರೆ ಅಂತ ಗೊತ್ತಾದ್ರೆ ನಿಲ್ತವೆ. ನಿಂತರೆ ನೋಡ್ತವೆ. ಸಾಕಮ್ಮನ ಮುಖಾನ ಯಾರಾದ್ರೂ ನಿಂತು ನೋಡಿದ್ದಾರಾ ನೀನೇ ಹೇಳು. ಈರುಳ್ಳಿ ನೋಡ್ತಾರೆ, ಓಯ್ತಾರೆ.’

ಇನ್ನು ನನ್ನ ವಿಷಯ.

ಮೇಷ್ಟ್ರು ನನ್ನ ಅಂಗಡಿಗೆ ಮೊದಲ ಸಲ, ತಮ್ಮ ಮನೆಯ ಕಿಟಕಿಗೆ ಗ್ರಿಲ್ ಮಾಡಿಸಲು ಬಂದವರು, ನಾನು ಒಂದು ಕೊಪ್ಪರಿಗೆಯ ಅಂಚು ಬಡಿಯುವುದನ್ನು ನೋಡುತ್ತಾ ನಿಂತುಬಿಟ್ಟರು. ಗ್ರಿಲ್ಲಿನ ಅಳತೆ ಮರೆತರು. ಮಾರನೆಯ ದಿನ ಬಂದು, ‘ಯುದ್ಧದ ಅಧ್ಯಾಯಕ್ಕೆ ಒಬ್ಬ ಬಿಲ್ಲುಗಾರ ಬೇಕಯ್ಯಾ’ ಅಂದರು. ಹಾರೆಗೆ ಹಗ್ಗ ಕಟ್ಟಿ ಬಿಲ್ಲು ಮಾಡಿ ಕೈಗೆ ಕೊಟ್ಟರು. ಎಡಗೈ ಮುಂದೆ ಚಾಚಿ, ಬಲಗೈಯಲ್ಲಿ ಹಗ್ಗ ಎಳೆದು, ಕೆಲಸವನ್ನೆಲ್ಲ ಬಿಟ್ಟು ನಿಂತೆ. ರಸ್ತೆಯಲ್ಲಿ ಹೋಗುವ ಬಸ್ಸಿನವರೆಲ್ಲ ತಲೆ ಹೊರಗೆ ಹಾಕಿ ನೋಡಿದರು. ‘ಯಾರ್ ಮ್ಯಾಕ್ಲಾ ಬಾಣ ಬುಡ್ತಿದ್ದೀ?’ ಅಂತ ಕೂಗಿದರು. ನಾನು ಅಲುಗಾಡಲಿಲ್ಲ. ಆ ವಾರವೆಲ್ಲ ಕಬ್ಬಿಣ ಕೊಳ್ಳಲು ಬಂದವರಿಗೂ, ಬೆಳಕವಾಡಿಯ ನೆಂಟರಿಗೂ, ಪುಸ್ತಕದಲ್ಲಿ ಬಿಲ್ಲುಗಾರ ನಾನೇ ಅಂತ ಹೇಳಿ ಮುಗಿಸಿದೆ.

ಪುಸ್ತಕ ಬಂತು. ಬಿಲ್ಲುಗಾರನ ಮುಖ ನಮ್ಮ ರೂಟಿನ ಬಸ್ ಕಂಡಕ್ಟರನದು. ಅದೇ ಸಣ್ಣ ಮೀಸೆ, ಚಿಲ್ಲರೆ ಇಲ್ಲ ಅನ್ನುವಾಗ ಮೇಲೇರುವ ಅದೇ ಹುಬ್ಬು. ಅವನ ಹೆಸರು ಬತ್ತಳಿಕೆಯ ಗರಿಗಳಲ್ಲಿತ್ತು. ಅವನು ಬೆರಳಿಟ್ಟ, ಮೇಷ್ಟ್ರು ಹೂಂ ಅಂದರು, ಅವನು ಬಸ್ಸು ಹತ್ತಿ ಸೀಟಿ ಊದಿಕೊಂಡು ಹೋದ.

ತಮ್ಮಯ್ಯ ಬಿಡುತ್ತಾನೆಯೇ? ‘ಎಲ್ಲಿದ್ದಿಯಯ್ಯಾ ಗೌಡ? ಬಾಣ ಬುಟ್ಟ ಮ್ಯಾಕೆ ನೀನೂ ಅದ್ರ ಜತೇಲೇ ಒಂಟೋದ್ಯಾ?’

ನಾನು ಪುಸ್ತಕವನ್ನು ಮೇಷ್ಟ್ರ ಮುಂದೆ ಇಟ್ಟೆ.

‘ಇದ್ದೀಯ’ ಅಂದರು. ‘ಹೆಸರೂ ಇದೆ. ಹುಡುಕು.’

ಮನೆಗೆ ತಂದು ಹುಡುಕಿದೆ. ಮರದ ತೊಗಟೆ, ರಥದ ಗಾಲಿ, ಕುದುರೆಯ ಬಾಲ, ಧೂಳು, ಸತ್ತುಬಿದ್ದವರ ಗುಂಪು. ಅಂಗಡಿಯ ಬೋರ್ಡಿನಲ್ಲಿ ನಾನೇ ಕಬ್ಬಿಣ ಬಗ್ಗಿಸಿ ಕೂರಿಸಿರುವ ಪೂರ್ತಿ ಹೆಸರು ಎಲ್ಲಾದರೂ ಇದ್ದೀತೆಂದು ಹುಡುಕಿದೆ. ನನ್ನ ಹೆಂಡತಿ ಜಯಮ್ಮ ರಾಗಿಮುದ್ದೆ ತಿರುವುತ್ತಾ ಕೂತವಳು, ‘ಅವ್ರು ಒಳ್ಳೆ ಕೆಲ್ಸಾನೇ ಮಾಡವ್ರೆ ಬುಡಿ. ನಿಮ್ಮ ಮಕ ಆಕುದ್ರೆ ಮಕ್ಕಳು ಪುಸ್ತಕ ಬುಟ್ಟು ಓಡೋಗ್ತಿದ್ವು’ ಅಂದಳು.

ಆಮೇಲೆ ಕೇಳಲಿಲ್ಲ. ಕೇಳುವುದು ನನ್ನ ಜಾಯಮಾನವಲ್ಲ. ಸ್ಕೂಲಿನಲ್ಲಿದ್ದಾಗಲೂ ಬಾರದ ಲೆಕ್ಕಕ್ಕೆ ಕೈ ಎತ್ತಿ ಕೇಳಿದವನಲ್ಲ. ಹಾಗಾಗಿಯೇ ಹೊರಗೆ ಬಂದೆನೇನೋ. ಇದೆ ಅಂದಮೇಲೆ ಇರುತ್ತದೆ, ಸಿಕ್ಕ ದಿನ ಬೆರಳಿಡುತ್ತೇನೆ, ಅವರು ಹೂಂ ಅನ್ನುತ್ತಾರೆ, ತಮ್ಮಯ್ಯನ ಬಾಯಿ ಮುಚ್ಚುತ್ತದೆ. ಇಷ್ಟೇ ಮನಸ್ಸಿನಲ್ಲಿ ಇಟ್ಟುಕೊಂಡೆ.

ಆದರೆ ಒಂದರ ಹಿಂದೆ ಒಂದು ಪುಸ್ತಕಗಳು ಬಂದವು. ಪ್ರತಿಸಲವೂ ಮೇಷ್ಟ್ರು ನನ್ನನ್ನು ಕರೆಯುತ್ತಿದ್ದರು. ‘ನಿಂಗ, ಈ ತಾವರೆ ಹಿಡ್ಕೊ.’ ‘ನಿಂಗ, ಈ ಓಲೆಗರಿ ಹಿಡ್ಕೊ.’ ‘ಈ ಮಗೂನ ಒಂದು ಚೂರು ಎತ್ಕೊ.’ ‘ಹಗ್ಗ ಎಳಿ, ದೋಣಿ ಎಳೆಯೋ ಥರ.’ ನಾನು ಹಿಡಿಯುತ್ತಿದ್ದೆ, ಎತ್ತುತ್ತಿದ್ದೆ, ಎಳೆಯುತ್ತಿದ್ದೆ. ಪುಸ್ತಕ ಬಂದಾಗ ನೋಡಿದರೆ ಮುಖ ಯಾರದೋ. ಅವರಿಗೆ ಸಾಮಾನು ಹಿಡಿಯುವ ಒಂದು ಸ್ಟ್ಯಾಂಡು ಆಗಿಬಿಟ್ಟೆನಲ್ಲ ಅಂತ ಒಳಗೊಳಗೇ ಉರಿಯಿತು. ಆದರೂ ಹೋಗುತ್ತಿದ್ದೆ. ಅವರ ಎದುರು ಕೂತಾಗ ಕಾಲ ನಿಧಾನವಾಗುತ್ತಿತ್ತು. ಹಳೆಯ ಬ್ಲೇಡಿನಿಂದ ಪೆನ್ಸಿಲು ಹೆರೆಯುವರು. ಹೆರೆದ ಸಿಪ್ಪೆ ಬಿಸಾಡದೆ ಕಿಟಕಿಯ ಮೇಲೆ ಸಾಲಾಗಿ ಜೋಡಿಸುವರು. ಹೀರೇಕಾಯಿ ಕೊಂಡು ತಂದು ಅಡುಗೆಗೆ ಕೊಡದೆ ಬಾಡುವವರೆಗೆ ನೋಡುತ್ತಾ ಕೂರುವರು. ಅವರ ಮನೆಯಲ್ಲಿ ಅವರೊಬ್ಬರೇ. ಬಾಡಿದ ಹೀರೇಕಾಯಿ ಕೇಳುವವರಿರಲಿಲ್ಲ. ನಾನು ಕಬ್ಬಿಣ ಕಾಯಿಸುವಾಗ ಹೊತ್ತು ನೋಡುವುದಿಲ್ಲ, ಬಣ್ಣ ನೋಡುತ್ತೇನೆ. ಅವರೂ ಹಾಗೆ. ಆಯಿತು ಅನ್ನಿಸುವವರೆಗೆ ಕೂತಿರುವರು, ಆಯಿತು ಅನ್ನಿಸಿದ ಕೂಡಲೇ ಎದ್ದು ಹೋಗುವರು. ಇನ್ನೊಂದು ಗೆರೆ ಎಳೆದವರಲ್ಲ.

ನಾನೇ ಅವರಿಗೊಂದು ಚಿತ್ರ ಬರೆಯುವ ಸ್ಟ್ಯಾಂಡು ಮಾಡಿಕೊಟ್ಟೆ. ಬೇಕಾದ ಕಡೆಗೆ ವಾಲುತ್ತದೆ, ಬೇಕಾದ ಎತ್ತರಕ್ಕೆ ನಿಲ್ಲುತ್ತದೆ, ಶಬ್ದವಿಲ್ಲ. ಮೇಷ್ಟ್ರು ಅದನ್ನು ನೋಡಿದರು. ಕೈಯಿಂದ ಒಮ್ಮೆ ಸವರಿದರು. ಅವರು ಹೊಗಳುವುದು ಹಾಗೆ.

ರಿಟೈರಾದ ಮೇಲೆ ಅವರ ಬಲಗೈ ನಡುಗಲು ಶುರುವಾಯಿತು. ಮೊದಲು ಟೀ ಬಸಿಯಲ್ಲಿ ಕಂಡಿತು. ಆ ಮೇಲೆ ಪೆನ್ನಿನಲ್ಲಿ. ಸ್ಟ್ಯಾಂಡಿಗೆ ಮೊಣಕೈ ಊರಲು ಒಂದು ಕಬ್ಬಿಣದ ತೋಳು ಜೋಡಿಸಿದೆ. ಕೆಲವು ತಿಂಗಳು ನಡೆಯಿತು. ಒಂದು ದಿನ ಪೆನ್ನು ತೊಳೆದು ಒರೆಸಿ ಡಬ್ಬಿಗೆ ಹಾಕಿದರು. ‘ಗೆರೆ ನನ್ನ ಮಾತು ಕೇಳ್ತಾ ಇಲ್ಲ ಕಣಯ್ಯಾ’ ಅಂದರು. ಅಷ್ಟೇ. ಅದಕ್ಕಾಗಿ ಅತ್ತಿದ್ದು, ಕೊರಗಿದ್ದು ನಾನು ಕಾಣೆ. ಮಾರನೆಯ ದಿನವೂ ಅಂಗಡಿಗೆ ಬಂದರು, ಸ್ಟೂಲು ಎಳೆದುಕೊಂಡರು, ನನ್ನ ಕೈ ನೋಡುತ್ತಾ ಕೂತರು.

ಅದಾದ ಮೇಲೆ ಪ್ರಕಾಶಕರು ಹಳೆಯ ಪುಸ್ತಕಗಳನ್ನೆಲ್ಲ ಒಂದಾಗಿ ಸೇರಿಸಿ ದೊಡ್ಡ ಆಕಾರದಲ್ಲಿ ಮತ್ತೆ ಅಚ್ಚು ಮಾಡಲು ಹೊರಟರು. ಚಿತ್ರಗಳನ್ನು ಕಂಪ್ಯೂಟರಿನಲ್ಲಿ ಸರಿಮಾಡಿದ್ದೇವೆ, ಬಂದು ನೋಡಿ ಅಂತ ಮೇಷ್ಟ್ರಿಗೆ ಹೇಳಿ ಕಳಿಸಿದರು. ‘ನೀನೂ ಬಾ’ ಅಂದರು ಮೇಷ್ಟ್ರು ನನಗೆ. ಕೈ ಹಿಡಿದು ಬಸ್ಸು ಹತ್ತಿಸಿಕೊಂಡು ಮಂಡ್ಯಕ್ಕೆ ಕರೆದುಕೊಂಡು ಹೋದೆ.

ಅಲ್ಲಿ ಕಂಪ್ಯೂಟರಿನ ಮುಂದೆ ಒಬ್ಬರು ಕೂತಿದ್ದರು, ಒಳ್ಳೆಯ ಮನುಷ್ಯ, ಮೇಷ್ಟ್ರ ಚಿತ್ರ ನೋಡಿಕೊಂಡೇ ಬೆಳೆದವರಂತೆ. ತುಂಬ ಮರ್ಯಾದೆಯಿಂದ ಒಂದೊಂದೇ ಚಿತ್ರ ತೋರಿಸಿದರು. ಮೇಷ್ಟ್ರು ತಲೆಯಾಡಿಸುತ್ತಿದ್ದರು.

‘ಮುಖಗಳನ್ನೇನೂ ಮುಟ್ಟಿಲ್ಲ ಸರ್’ ಅಂದರು ಅವರು. ‘ಕೈಗಳಲ್ಲಿ ಮಾತ್ರ ತುಂಬ ಗಲೀಜು ಗೆರೆಗಳಿದ್ವು. ಹಳೇ ಅಚ್ಚಿನ ಬ್ಲಾಕಿನ ದೋಷ ಅನ್ಸುತ್ತೆ. ಎಲ್ಲ ತೆಗೆದು ನೀಟು ಮಾಡಿದೀನಿ. ಈಗ ನೋಡಿ, ರಾಜನ ಕೈ ರಾಜನ ಥರ ಇದೆ.’

ಮೇಷ್ಟ್ರು ಎದ್ದು ನಿಂತರು. ಅವರಿಗೆ ಸಿಟ್ಟು ಬಂದದ್ದು ನಾನು ಕಂಡಿದ್ದು ಅದೊಂದೇ ಸಲ. ಧ್ವನಿ ಏರಲಿಲ್ಲ.

‘ಕಿರೀಟ ಬೇಕಾದ್ರೆ ತೆಗೀರಿ’ ಅಂದರು. ‘ಮುಖ ಬೇಕಾದ್ರೆ ಬದಲಾಯಿಸ್ಕೊಳ್ಳಿ, ಮುಖ ಎಲ್ಲಿ ಬೇಕಾದ್ರೂ ಸಿಗ್ತದೆ. ಕೈ ಮುಟ್ಟಬೇಡಿ. ಕೈ ಹೆಂಗಿತ್ತೋ ಹಂಗೇ ಬರಬೇಕು. ಇಲ್ಲಾಂದ್ರೆ ಚಿತ್ರಾನೇ ಬೇಡ, ಬರೀ ಕಥೆ ಹಾಕ್ಕೊಳ್ಳಿ.’

ಪ್ರಕಾಶಕರೇ ಒಳಗಿನಿಂದ ಬಂದು, ಹಾಗೇ ಆಗಲಿ ಮೇಷ್ಟ್ರೇ, ಒಂದು ಗೆರೆಯೂ ಹೋಗುವುದಿಲ್ಲ ಅಂತ ಮಾತು ಕೊಟ್ಟ ಮೇಲೆ ಕೂತರು. ನನಗೆ ಅವರ ಹಟ ಅರ್ಥವಾಯಿತು, ಕಾರಣ ಅರ್ಥವಾಗಲಿಲ್ಲ. ನಾನು ಮಾಡಿದ ಗೇಟಿನ ಒಂದು ಸುರುಳಿಯನ್ನು ಯಾರಾದರೂ ಚಂದ ಮಾಡುತ್ತೇನೆಂದು ಕಿತ್ತರೆ ನಾನೂ ಹೀಗೇ ನಿಲ್ಲುತ್ತಿದ್ದೆ ಅಂದುಕೊಂಡೆ.

ಮದ್ದೂರಿನಲ್ಲಿ ಬಸ್ಸು ಬದಲಾಯಿಸಿ ಮಳವಳ್ಳಿಯ ಬಸ್ಸಿಗೆ ಕೂತೆವು. ಕಿಟಕಿಯ ಹೊರಗೆ ಕಬ್ಬು ತುಂಬಿದ ಗಾಡಿಗಳು. ಸ್ವಲ್ಪ ಹೊತ್ತಿಗೆ ಮೇಷ್ಟ್ರು ಕೇಳಿದರು:

‘ಸಿಕ್ತೇನಯ್ಯಾ?’

‘ಏನು ಮೇಷ್ಟ್ರೇ?’

‘ನಿನ್ನ ಹೆಸರು.’

‘ಉಡುಕ್ತಾ ಇವ್ನಿ ಬುಡಿ.’

‘ಬೇಗ ಹುಡುಕು. ಹೂಂ ಅನ್ನೋಕೆ ನಾನು ಇರಬೇಕಲ್ಲ.’

ಅಷ್ಟು ವರ್ಷ ಕೇಳದೆ ಇದ್ದವನು ಅವತ್ತು ಕೇಳಿಬಿಟ್ಟೆ. ‘ಅಂಗಾರೆ ನೀವೇ ಏಳ್ಬುಡಿ ಮತ್ತೆ. ಯಾರಿಗೂ ಏಳಕಿಲ್ಲ ನಾನು.’

ಅವರು ಹೊರಗೆ ನೋಡುತ್ತಾ ಕೂತರು. ಇಲ್ಲ ಅನ್ನುತ್ತಾರೇನೋ ಅಂದುಕೊಂಡೆ. ಊರು ಹತ್ತಿರ ಬಂದಾಗ ಹೇಳಿದರು: ‘ಹೇಳಿದ್ರೆ ನಾನು ಕೊಟ್ಟಂಗಾಯ್ತದೆ. ನಿನ್ನಿಂದ ಇಸ್ಕೊಂಡದ್ದನ್ನ ನಿನಗೇ ಹೆಂಗಯ್ಯಾ ಕೊಡ್ಲಿ?’

ಏನು ಇಸಿದುಕೊಂಡಿದ್ದರು? ಒಂದು ಸ್ಟ್ಯಾಂಡು, ಒಂದು ಗ್ರಿಲ್ಲು. ನನಗೆ ತಲೆಬುಡ ತಿಳಿಯಲಿಲ್ಲ. ಮನೆಗೆ ಬಂದು ಹಳೆಯ ಪುಸ್ತಕಗಳನ್ನೆಲ್ಲ ಹರಡಿಕೊಂಡು ಮತ್ತೆ ಮೊದಲಿನಿಂದ ಹುಡುಕಿದೆ. ಜಯಮ್ಮ ಈ ಸಲ ತಮಾಷೆ ಮಾಡಲಿಲ್ಲ. ಅವಳೂ ಪಕ್ಕದಲ್ಲಿ ಕೂತು ಹುಡುಕಿದಳು. ನಾವು ನೋಡಿದ್ದು ಮತ್ತೆ ಅದೇ ಮರ, ಅದೇ ಬಳ್ಳಿ, ಅದೇ ಮುಖಗಳು.

ಮಾಗಿಯ ಹೊತ್ತಿಗೆ ಮೇಷ್ಟ್ರು ಮಂಚ ಹಿಡಿದರು. ಮಾತು ಕಡಿಮೆಯಾಯಿತು, ಆಮೇಲೆ ನಿಂತಿತು. ಕಣ್ಣು ಮಾತ್ರ ಮೊದಲಿನಂತೆಯೇ ಓಡಾಡುತ್ತಿತ್ತು. ದಿನಾ ಅಂಗಡಿ ತೆಗೆಯುವ ಮೊದಲು ಹೋಗಿ ಸ್ವಲ್ಪ ಹೊತ್ತು ಕೂತು ಬರುತ್ತಿದ್ದೆ. ಕೊನೆಯ ಸಲ ಹೋದಾಗ ಎಳೆಬಿಸಿಲು ಹಾಸಿಗೆಯ ಮೇಲೆ ಬಿದ್ದಿತ್ತು. ನಾನು ಎಡಗೈಯನ್ನು ಮಂಚದ ಅಂಚಿಗೆ ಊರಿಕೊಂಡು ತಮ್ಮಯ್ಯನ ಅಂಗಡಿಯ ಸುದ್ದಿ ಹೇಳುತ್ತಿದ್ದೆ. ಅವರು ನಿಧಾನವಾಗಿ ತಮ್ಮ ಕೈ ತಂದು, ತೋರುಬೆರಳನ್ನು ನನ್ನ ಕಿರುಬೆರಳಿನ ಬುಡದಲ್ಲಿ ಇಟ್ಟರು. ಆ ನಡುಗುವ ಬೆರಳು ಅಲ್ಲಿ ನಿಂತಾಗ ನಡುಗಲಿಲ್ಲ. ಇಟ್ಟು, ನನ್ನ ಮುಖ ನೋಡಿದರು. ಅಷ್ಟು ವರ್ಷದಲ್ಲಿ ಮೊದಲ ಸಲ ನೇರವಾಗಿ ಮುಖವನ್ನೇ ನೋಡುತ್ತಾ ಏನೋ ಕಾಯುತ್ತಿರುವವರ ಹಾಗೆ ಇದ್ದರು.

‘ಹೂಂ, ಅದೇನ್ ಏಳಿ ಮೇಷ್ಟ್ರೇ’ ಅಂದೆ ನಾನು. ‘ಏನ್ ಬೇಕು? ಚಳಿ ಆಯ್ತದಾ?’

ಅವರು ಬೆರಳು ತೆಗೆದು ಕಣ್ಣು ಮುಚ್ಚಿದರು. ತುಟಿಯ ಮೇಲೆ ನಗು ಇತ್ತು. ಚಳಿಯೇ ಇರಬೇಕೆಂದು ಕಂಬಳಿ ಎಳೆದು ಹೊದಿಸಿ, ಅಂಗಡಿಗೆ ಬಂದೆ. ಮಾರನೆಯ ದಿನ ಅವರಿರಲಿಲ್ಲ.

ಹೊಸ ಪುಸ್ತಕ ಬಂದದ್ದು ಅದಾದ ಎಷ್ಟೋ ದಿನಕ್ಕೆ. ಸಾಕಮ್ಮನ ಮೊಮ್ಮಗಳು ಗೆಜ್ಜಲಗೆರೆಯ ಬಟ್ಟೆ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ರಜಾದಿನ ಮಂಡ್ಯಕ್ಕೆ ಹೋದವಳು ಪುಸ್ತಕ ಕಂಡು ಎರಡು ಕೊಂಡು ತಂದಿದ್ದಳು, ಒಂದು ಅಜ್ಜಿಗೆ, ಒಂದು ನನಗೆ. ಮುಂದಿನ ರಜಕ್ಕೆ ಊರಿಗೆ ಬಂದವಳು ನೇರ ಅಂಗಡಿಗೇ ಬಂದಳು.

‘ಮಾವ, ನೋಡಿ, ನಮ್ಮಜ್ಜಿ ಎಷ್ಟು ದೊಡ್ಡದಾಗಿ ಬಂದವ್ಳೆ! ಫ್ಯಾಕ್ಟ್ರೀಲಿ ನಮ್ಮ ಲೈನಲ್ಲಿ ಎಲ್ರಿಗೂ ತೋರ್ಸುದ್ರೆ, ರಾಣಿ ಮೊಮ್ಮಗಳು ಕಣಮ್ಮ ನೀನು, ಇನ್ಮೇಲೆ ನಿನ್ ಪಾಲಿನ ಬಟ್ಟೇನೂ ನಾವೇ ಒಲ್ಕೊಡ್ತೀವಿ ಅಂತ ಆಡ್ಕಂತಾವ್ರೆ.’

ಅವಳು ಹೋದ ಮೇಲೆ, ಕೈ ಒರೆಸಿಕೊಂಡು ಪುಸ್ತಕ ಬಿಚ್ಚಿದೆ. ಹಳೆಯದಕ್ಕಿಂತ ಹಾಳೆ ದೊಡ್ಡದು, ಗೆರೆಗಳು ಸ್ಪಷ್ಟ. ಯುದ್ಧದ ಅಧ್ಯಾಯ ತೆಗೆದೆ. ಕಂಡಕ್ಟರ್ ಹುಬ್ಬೇರಿಸಿಕೊಂಡು ನಿಂತಿದ್ದ. ಗಾಳಿಗೆ ಹಾಳೆ ಮಗುಚುತ್ತಿತ್ತು. ಹಾರದಂತೆ ಎಡಗೈ ಊರಿ ಹಿಡಿದೆ.

ನನ್ನ ಕೈಯ ಪಕ್ಕದಲ್ಲಿ ನನ್ನ ಕೈ ಇತ್ತು.

ಬಿಲ್ಲು ಹಿಡಿದ ಬಿಲ್ಲುಗಾರನ ಎಡಗೈಯಲ್ಲಿ ಕಿರುಬೆರಳು ಗುಂಪಿಗೆ ಸೇರದೆ ಆಚೆ ನಿಂತಿತ್ತು. ಗೆಣ್ಣುಗಳ ಮೇಲೆ ಕೊಪ್ಪರಿಗೆ ಬಡಿದು ಬಂದ ಅದೇ ಗಡಸು ಮಡಿಕೆಗಳು. ಬೆರಳಿನ ಬುಡದಲ್ಲಿ ದುಂಡನೆಯ ಸುಟ್ಟ ಕಲೆ. ಆ ಕಲೆಯ ಆಚೆ ಈಚೆ ಎರಡು ಮಡಿಕೆಗಳು ಬಳುಕಿಕೊಂಡು ಅಕ್ಷರವಾಗಿದ್ದವು. ಕಲೆಯೇ ನಡುವಿನ ಸೊನ್ನೆ. ನಿಂಗ. ಅಂಗಡಿ ಬೋರ್ಡಿನ ದೊಡ್ಡ ಹೆಸರಲ್ಲ, ಅವರೊಬ್ಬರೇ ಕರೆಯುತ್ತಿದ್ದ ಹೆಸರು.

ಹಾಳೆ ತಿರುವಿದೆ. ತಮ್ಮಯ್ಯನ ಮುಖದ ಋಷಿ ಓಲೆಗರಿ ಹಿಡಿದಿದ್ದ ಕೈ, ಗಡ್ಡ ಸವರುತ್ತಿದ್ದ ಕೈ, ಎರಡೂ ನನ್ನವು. ತಾವರೆ ಹಿಡಿದ ರಾಜನ ಕೈ ನನ್ನದು. ದೋಣಿಯ ಹಗ್ಗ ಎಳೆಯುತ್ತಿದ್ದ ಅಂಬಿಗನದು, ಮಗುವನ್ನು ಬೆಂಕಿಯಿಂದ ಎತ್ತಿಕೊಂಡು ಓಡುತ್ತಿದ್ದ ಸೇವಕನದು, ಎಲ್ಲವೂ. ಹಳೆಯ ಪುಸ್ತಕಗಳನ್ನು ಮನೆಯಿಂದ ತರಿಸಿ ನೋಡಿದೆ. ಅವುಗಳಲ್ಲೂ ಇತ್ತು, ಮೊದಲಿನಿಂದಲೂ ಇತ್ತು. ನಾವು ಹುಡುಕಿದ್ದೆಲ್ಲ ಮುಖದ ಸುತ್ತಮುತ್ತ. ಚಿತ್ರದಲ್ಲಿ ಇರುವುದು ಅಂದರೆ ಮುಖ ಇರುವುದು ಅಂದುಕೊಂಡಿದ್ದೆವು. ಕೈಯಿಂದಲೇ ಅನ್ನ ತಿಂದವನು ಕೈ ನೋಡಲಿಲ್ಲ.

ಪುಸ್ತಕಗಳನ್ನು ತಂದ ಜಯಮ್ಮ ಬಗ್ಗಿ ನೋಡಿದಳು. ನನ್ನ ಎಡಗೈಯನ್ನು ಎತ್ತಿ ಹಾಳೆಯ ಪಕ್ಕಕ್ಕೆ ಇಟ್ಟು ಇನ್ನೊಮ್ಮೆ ನೋಡಿದಳು. ‘ಅದುಕ್ಕೇ ಕಣ್ರೀ’ ಅಂದಳು, ‘ನಾನು ಅವತ್ತೇ ಅಂದ್ಕಂಡೆ, ಈ ರಾಜ ಯಾಕೆ ತಾವರೆ ಊವನ್ನ ಸುತ್ತಿಗೆ ಇಡ್ದಂಗೆ ಇಡ್ದವ್ನೆ ಅಂತ.’ ನಗುತ್ತಲೇ ಹೇಳಿದಳು. ಆಮೇಲೆ ಸೆರಗಿನಿಂದ ಕಣ್ಣು ಒರೆಸಿಕೊಂಡು, ಕೆಲಸವಿದೆ ಅಂತ ಎದ್ದು ಹೋದಳು.

ನಾನು ಸಿಕ್ಕಿದ ಹೆಸರಿನ ಮೇಲೆ ಬೆರಳಿಟ್ಟುಕೊಂಡು ಕೂತಿದ್ದೆ. ಪದ್ಧತಿ ಅದೇ ಅಲ್ಲವೆ. ಮೂಲೆಯ ಸ್ಟೂಲು ಖಾಲಿ ಇತ್ತು. ಹೂಂ ಅನ್ನುವವರು ಇಲ್ಲವಲ್ಲ ಅಂತ ಯೋಚಿಸುತ್ತಿರುವಾಗಲೇ, ಆ ಎಳೆಬಿಸಿಲಿನ ಬೆಳಗ್ಗೆ ನೆನಪಾಯಿತು. ಅವರು ಚಳಿಗೆ ನನ್ನ ಕೈ ಮುಟ್ಟಿದ್ದಲ್ಲ. ಮಾತು ನಿಂತ ಮೇಲೆ, ಹೇಳಿಬಿಡುವ ಹಾಗೂ ಇಲ್ಲದೆ, ಪದ್ಧತಿಯಂತೆ ತಾವೇ ಬೆರಳಿಟ್ಟು ನನ್ನ ಮುಖ ನೋಡಿದ್ದರು. ಚಿತ್ರದಲ್ಲಿ ಹೆಸರಿದ್ದ ಜಾಗ ಬಿಟ್ಟು ಬೇರೆ ಎಲ್ಲೂ ಬೆರಳಿಟ್ಟಿರಲಿಲ್ಲ. ನಾನು, ಏನೂ ತಿಳಿಯದೆ, ಹೂಂ ಅಂದಿದ್ದೆ.

ಪುಸ್ತಕವನ್ನು ತಮ್ಮಯ್ಯನಿಗೆ ತೋರಿಸಿ ಅವನ ಬಾಯಿ ಮುಚ್ಚಿಸಬೇಕು ಅಂತ ಎಷ್ಟು ವರ್ಷದಿಂದ ಕಾದಿದ್ದೆ. ತೋರಿಸಿದೆ. ಅವನು ಬಹಳ ಹೊತ್ತು ನೋಡಿ, ‘ಅಂದ್ರೆ ನನ್ನ ಗಡ್ಡ ಸವರ್ಕಂತಾ ಕುಂತಿರದು ನಿನ್ ಕೈಯೇನ್ಲಾ? ತೊಳ್ಕಂಡಿದ್ಯಾ ಅವತ್ತು?’ ಅಂದ. ಅವನ ಬಾಯಿ ಮುಚ್ಚಿಸಲು ಯಾರಿಂದಲೂ ಆಗುವುದಿಲ್ಲ. ಆದರೆ ಅವತ್ತಿನ ಟೀ ತಾನೇ ತಂದು, ನನ್ನ ಕೈಗೆ ಕೊಟ್ಟು, ಕೊಟ್ಟ ಮೇಲೂ ಒಂದು ಗಳಿಗೆ ಆ ಕೈಯನ್ನು ನಿಂತು ನೋಡಿದ.

ಈ ಬರಹದಲ್ಲಿ ಮೇಷ್ಟ್ರ ಹೆಸರು ಎಲ್ಲೂ ಬಂದಿಲ್ಲ ಅನ್ನುವುದನ್ನು ನೀವು ಗಮನಿಸಿರಬಹುದು. ಮರೆತದ್ದಲ್ಲ. ಮಳವಳ್ಳಿಯಿಂದ ಮದ್ದೂರಿನವರೆಗೆ, ಅಲ್ಲಿಂದ ಮಂಡ್ಯದವರೆಗೆ ನಾನು ಮಾಡಿದ ಗೇಟುಗಳು, ಕಿಟಕಿಗಳು ಬೇಕಾದಷ್ಟಿವೆ. ಈಚೆಗೆ ಮಾಡಿದ ಒಂದು ಗೇಟಿನ ಬಳ್ಳಿಯಲ್ಲಿ, ಎಲೆ ಯಾವುದು ಅಕ್ಷರ ಯಾವುದು ಅಂತ ತಿಳಿಯದ ಹಾಗೆ, ಅವರ ಹೆಸರನ್ನು ಕಬ್ಬಿಣದಲ್ಲಿ ಬಗ್ಗಿಸಿ ಕೂರಿಸಿದ್ದೇನೆ. ಆ ಮನೆಯವರಿಗೂ ಗೊತ್ತಿಲ್ಲ. ಎಲ್ಲಿ ಅಂತ ಹೇಳುವುದಿಲ್ಲ. ದಾರಿಯಲ್ಲಿ ಹೋಗುವಾಗ ನಿಂತು ನೋಡಿ. ಕಂಡರೆ ಬೆರಳಿಟ್ಟು ನನ್ನನ್ನು ಕರೆಯಿರಿ. ನಾನು ಅಂಗಡಿಯಲ್ಲೇ ಇರುತ್ತೇನೆ. ಬಂದು ಹೂಂ ಅನ್ನುತ್ತೇನೆ.